ಅವ್ವನ ಕೈ

ನಮ್ಮ ಕೂಸಿನ ತೂಕ 5 ಕಿಲೋ 200 ಗ್ರಾಂ. ಕಾಲೇಜಿನ ಹಿಂಬದಿಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಅದನ್ನು ಮಲಗಿಸಿ ತೂಗಿದ್ದು 2013ರ ಡಿಸೆಂಬರಿನ ಒಂದು ಸಂಜೆ. ಅಂಗಡಿಯ ಅಕ್ಕ ಅದರ ಅಲ್ಯೂಮಿನಿಯಂ ಕೈಕಾಲುಗಳನ್ನೂ ಎದೆಗೆ ಕಟ್ಟಿದ್ದ ಬ್ಯಾಟರಿಯನ್ನೂ ನೋಡಿ, "ಇದಕ್ಕ ಹೆಸರೇನ್ ಇಟ್ಟೀರಿ?" ಎಂದು ಕೇಳಿದರು. ಹೆಸರಿಟ್ಟಿರಲಿಲ್ಲ. ಕೂಸು ಎಂದರೆ ಕೂಸು, ಅಷ್ಟೇ. ಅದನ್ನು ಎತ್ತಿಕೊಂಡು ಓಡಾಡಬೇಕಿದ್ದ ದೊಡ್ಡ ರೋಬೋಟನ್ನು ಅವ್ವ ಎಂದು ಕರೆಯುವುದು ಮೊದಲ ವಾರದಲ್ಲೇ ರೂಢಿಯಾಗಿಹೋಗಿತ್ತು.

ಆ ವರ್ಷದ ರೋಬೋಕಾನ್ ಸ್ಪರ್ಧೆಯ ವಿಷಯವೇ ಹಾಗಿತ್ತು. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟ 2002ರಲ್ಲಿ ಟೋಕಿಯೋದಲ್ಲಿ ಶುರುಮಾಡಿದ ಈ ಸ್ಪರ್ಧೆಯನ್ನು ವರ್ಷಕ್ಕೊಂದು ದೇಶ ನಡೆಸಿಕೊಡುತ್ತದೆ, ಆಟದ ಕಥೆಯನ್ನು ತನ್ನ ಬದುಕಿನಿಂದಲೇ ಆರಿಸಿ ಕೊಡುತ್ತದೆ. ಕೈರೋದಲ್ಲಿ ನಡೆದಾಗ ರೋಬೋಟುಗಳು ಪಿರಮಿಡ್ ಕಟ್ಟಿದ್ದವು. 2008ರಲ್ಲಿ ಪುಣೆಗೆ ಬಂದಾಗ ಗೋವಿಂದನ ಮೊಸರು ಗಡಿಗೆ. 2014ರಲ್ಲಿ ಮತ್ತೆ ಪುಣೆಯ ಸರದಿ, ವಿಷಯ ತಂದೆತಾಯಿ. ಒಂದು ಪಾಲಕ ರೋಬೋಟ್, ಅದನ್ನು ನಮ್ಮಲ್ಲೊಬ್ಬ ನಡೆಸಬೇಕು. ಒಂದು ಮಗು ರೋಬೋಟ್, ಅದು ತಾನಾಗಿಯೇ ನಡೆಯಬೇಕು. ಪಾಲಕ ಮಗುವನ್ನು ಸೀಸಾ ಮೇಲೆ ಕೂರಿಸಿ ಆಡಿಸಬೇಕು, ಕಂಬದಿಂದ ಕಂಬಕ್ಕೆ ತಾನೇ ನಡೆಯಲೆಂದು ಕಂಬಗಳ ಸಾಲಿನ ಬಳಿ ಒಯ್ದು ಮೊದಲ ಕಂಬದ ಮೇಲೆ ನಿಲ್ಲಿಸಬೇಕು, ಜೋಕಾಲಿಯಲ್ಲಿ ಕೂರಿಸಿ ತೂಗಬೇಕು. ಕೊನೆಗೆ ಮಗು ತಾನೇ ಏಣಿಯಂತಹ ಜಂಗಲ್ ಜಿಮ್ ಹತ್ತಿ ಬಾವುಟ ಏರಿಸಬೇಕು. ಅಲ್ಲಿಗೆ ಪಂದ್ಯ ಮುಗಿಯುತ್ತದೆ; ಆ ಗೆಲುವಿನ ಹೆಸರು 'ಶಾಭಾಸ್'. ಎಲ್ಲಕ್ಕೂ ಸೇರಿ ಮೂರು ನಿಮಿಷ.

ನಾನಾಗ ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮೂರನೆಯ ವರ್ಷದಲ್ಲಿದ್ದೆ. ತಂಡದಲ್ಲಿ ಹನ್ನೊಂದು ಜನ, ಹುಡುಗಿ ನಾನೊಬ್ಬಳೇ. ಹುಡುಗಿಯರ ಹಾಸ್ಟೆಲ್ಲಿನ ಬಾಗಿಲು ರಾತ್ರಿ ಎಂಟೂವರೆಗೆ ಮುಚ್ಚುತ್ತಿತ್ತು. ಹುಡುಗರಿಗೆ ಅಂಥ ಗಡುವು ಇರಲಿಲ್ಲ. ವರ್ಕ್‌ಶಾಪಿನ ಅಸಲು ಕೆಲಸ ಶುರುವಾಗುತ್ತಿದ್ದುದೇ ಎಂಟೂವರೆಯ ಮೇಲೆ. ಈ ಅನ್ಯಾಯ ಆಗಲೂ ನನ್ನನ್ನು ಸುಡುತ್ತಿತ್ತು, ಇವತ್ತಿಗೂ ಅದನ್ನು ಸಣ್ಣದು ಎಂದು ಹೇಳಲಾರೆ. ಆದರೆ ಅವ್ವನ ಲಿಫ್ಟ್ ನನ್ನ ಪಾಲಿಗೆ ಬಂದದ್ದು ಅದರಿಂದಲೇ. ಚಕ್ರಗಳಿರುವ ತಳಪಾಯ ಕಟ್ಟಲು ನೆಲ ಬೇಕು, ವೆಲ್ಡಿಂಗ್ ಬೇಕು. ಲಿಫ್ಟನ್ನು ಬಿಚ್ಚಿ ಚೀಲದಲ್ಲಿ ತುಂಬಿ ಹಾಸ್ಟೆಲ್ಲಿಗೆ ಒಯ್ಯಬಹುದು, ಮಂಚದ ಕಾಲಿಗೆ ಕಟ್ಟಿ ಪರೀಕ್ಷಿಸಬಹುದು. ನನ್ನ ಕೋಣೆಯ ಗೆಳತಿ ಮೂರು ತಿಂಗಳು ಗ್ರೀಸ್ ವಾಸನೆಯಲ್ಲಿ ಮಲಗಿದಳು, ಒಂದು ದಿನವೂ ಬೇಸರ ತೋರಿಸಲಿಲ್ಲ.

ಬೇಕಾಗಿದ್ದುದು ಇಷ್ಟು: ಕೂಸನ್ನು ಹಿಡಿದ ಕೈ 90 ಸೆಂಟಿಮೀಟರ್ ಏರಬೇಕು, ಇಳಿಯಬೇಕು. ಮೊದಲು ಮಾಡಿದ್ದು ಖಡೇಬಜಾರದ ಹಾರ್ಡ್‌ವೇರ್ ಅಂಗಡಿಯಿಂದ ತಂದ ಡ್ರಾಯರ್ ಚಾನಲ್ಲುಗಳಿಂದ. ಅಡುಗೆಮನೆಯ ಕಪಾಟಿಗೆ ಹಾಕುವ, ಒಂದರೊಳಗೊಂದು ಜಾರುವ ಪಟ್ಟಿಗಳು. ಅವುಗಳನ್ನು ನೆಟ್ಟಗೆ ನಿಲ್ಲಿಸಿ ಮುಂದುಗಡೆ ಭಾರ ಕಟ್ಟಿದ ಮೂರನೇ ದಿನಕ್ಕೆ ಪಟ್ಟಿ ಸೊಟ್ಟಗಾಗಿ ಒಳಗಿನ ಚಿಕ್ಕ ಗುಂಡುಗಳು ಉದುರಿದವು. ಅಡ್ಡ ಮಲಗಿಸಿ ಎಳೆಯಲು ಮಾಡಿದ ವಸ್ತು ಅದು, ಭಾರ ಹೊತ್ತು ಏರಲು ಅಲ್ಲ.

ಆಮೇಲೆ ಕಿಟಕಿ ಮಾಡುವವರ ಹತ್ತಿರ ಅಲ್ಯೂಮಿನಿಯಂ ಚೌಕ ಪೈಪು ಕೊಂಡು ಎರಡು ಹಂತದ ಲಿಫ್ಟ್ ಕಟ್ಟಿದೆ. ನಿಂತ ಚೌಕಟ್ಟು ಒಂದು, ಅದರೊಳಗೆ ಏರುವ ಚೌಕಟ್ಟು ಇನ್ನೊಂದು, ಆ ಏರುವ ಚೌಕಟ್ಟಿನ ಮೇಲೆ ಓಡುವ ಗಾಡಿ. ಗಾಡಿಗೆ ಅವ್ವನ ಕೈ. ಮೋಟರಿನ ತಂತಿ ಎಳೆಯುವುದು ನಡುವಿನ ಚೌಕಟ್ಟನ್ನು ಮಾತ್ರ. ಆ ಚೌಕಟ್ಟಿನ ನೆತ್ತಿಯಲ್ಲಿ ಒಂದು ರಾಟೆ. ಎರಡನೆಯ ತಂತಿಯ ಒಂದು ತುದಿ ತಳಕ್ಕೆ ಬಿಗಿದಿರುತ್ತದೆ, ರಾಟೆಯ ಮೇಲೆ ಹಾಯ್ದು ಬಂದ ಇನ್ನೊಂದು ತುದಿ ಗಾಡಿಗೆ. ಬಾವಿಯ ರಾಟೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಹಗ್ಗ ಎಷ್ಟು ಜಗ್ಗುತ್ತೀರೋ ಕೊಡ ಅಷ್ಟೇ ಏರುತ್ತದೆ. ಇಲ್ಲಿ ರಾಟೆಯೇ ಮೇಲೇರುತ್ತದೆ. ಚೌಕಟ್ಟು 45 ಸೆಂಟಿಮೀಟರ್ ಏರಿದರೆ ಗಾಡಿ 90 ಏರುತ್ತದೆ. ಮೊದಲ ಸಲ ಅದನ್ನು ಕೈಯಿಂದ ತಳ್ಳಿ ನೋಡಿದಾಗ ಗಾಡಿ ಚೌಕಟ್ಟಿಗಿಂತ ಎರಡು ಪಟ್ಟು ವೇಗದಲ್ಲಿ ನನ್ನ ಮುಖ ದಾಟಿ ಮೇಲೆ ಹೋಯಿತು. ಸೂತ್ರದಲ್ಲಿ ಓದಿದ್ದು ಕಣ್ಣೆದುರು ನಡೆಯುವುದನ್ನು ಕಂಡ ಆ ಸಂತೋಷ ಬೇರೆಯದೇ.

ದುಪ್ಪಟ್ಟು ಎತ್ತರಕ್ಕೆ ದುಪ್ಪಟ್ಟು ಬಲ ಕೊಡಬೇಕು. ಅದನ್ನು ಲೆಕ್ಕದಲ್ಲಿ ಬಿಟ್ಟಿದ್ದೆ. ಕೂಸು 5.2, ಗಾಡಿ ಮತ್ತು ಕೈ ಸೇರಿ 1.8, ಒಟ್ಟು 7 ಕಿಲೋ ಎಂದು ಹಿಡಿದು, ತಂತಿ ಸುತ್ತುವ ಡ್ರಮ್ಮಿನ ತ್ರಿಜ್ಯ 20 ಮಿಲಿಮೀಟರ್‌ಗೆ 2 ನ್ಯೂಟನ್ ಮೀಟರ್ ತಿರುಚುಬಲದ ಮೋಟರ್ ಸಾಕು ಎಂದು ಬರೆದುಕೊಟ್ಟಿದ್ದೆ. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಅದು ಬಂತು. ಅಸಲಿಗೆ ಮೋಟರಿನ ಮೇಲೆ ಬೀಳುತ್ತಿದ್ದುದು 7ರ ಎರಡು ಪಟ್ಟು 14, ಜೊತೆಗೆ ನಡುವಿನ ಚೌಕಟ್ಟಿನ 2, ಹೀಗೆ 16 ಕಿಲೋ. ಘರ್ಷಣೆ ಸೇರಿಸದೆಯೇ 3 ನ್ಯೂಟನ್ ಮೀಟರ್ ದಾಟುತ್ತಿತ್ತು. ಮೋಟರ್ ಗುಂಯ್ ಎಂದು ನಿಂತಲ್ಲೇ ಬಿಸಿಯಾಯಿತು. ತಂಡದ ಹಣ ನನ್ನಿಂದ ಹಾಳಾಯಿತೆಂದು ಆ ರಾತ್ರಿ ಊಟ ಸೇರಲಿಲ್ಲ.

ವರ್ಕ್‌ಶಾಪಿನ ಫೋರ್‌ಮನ್ನರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಉದ್ಯಮಬಾಗದ ಫೌಂಡ್ರಿ, ಲೇತ್ ಶಾಪುಗಳಲ್ಲಿ ಅರ್ಧ ಆಯುಷ್ಯ ಕಳೆದು ಕಾಲೇಜಿಗೆ ಬಂದಿದ್ದವರು. ಮರುದಿನ ಅವರು ಹಳೆಯ ಕಾರಿನ ಒಂದು ವೈಪರ್ ಮೋಟರ್ ತಂದು ಮೇಜಿನ ಮೇಲಿಟ್ಟರು. "ಮಳ್ಯಾಗ ಗಾಜ ಒರಸೂ ಮೋಟರ್ ಐತಿ ತಂಗಿ. ಜೋರ ಇಲ್ಲ, ಆದ್ರ ಹಟಾ ಐತಿ." ಅದರೊಳಗೆ ವರ್ಮ್ ಗೇರ್ ಇರುತ್ತದೆ, ಮೋಟರ್ ಗೇರನ್ನು ತಿರುಗಿಸಬಲ್ಲದು, ಭಾರ ಹಿಂದಿನಿಂದ ಮೋಟರನ್ನು ತಿರುಗಿಸಲಾರದು. ಕರೆಂಟು ತೆಗೆದರೂ ಅವ್ವ ಕೂಸನ್ನು ಎತ್ತಿಹಿಡಿದೇ ಇರುತ್ತಾಳೆ. ನನಗೆ ಬೇಕಿದ್ದುದು ಅದೇ.

ಮೋಟರಿಗೆ ಬಲ ಬಂದರೂ ಗಾಡಿ ಅರ್ಧ ದಾರಿಯಲ್ಲಿ ಕಚ್ಚಿಕೊಳ್ಳುತ್ತಿತ್ತು. ಎಣ್ಣೆ ಬಿಟ್ಟೆ, ಉಜ್ಜಿದೆ, ಪೈಪು ಬದಲಿಸಿದೆ. ಕಾಕಾ ಒಂದು ಮಧ್ಯಾಹ್ನ ತಮ್ಮ ಮರದ ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದು ತೋರಿಸಿದರು. ಅದು ಓರೆಯಾಗಿ ಸಿಕ್ಕಿಕೊಂಡಿತು. ನಡುವೆ ಹಿಡಿದು ಎಳೆದರು, ಬಂತು. "ನಿನ್ನ ಕೂಸು ಎಷ್ಟ ಮುಂದ ಐತಿ, ನಿನ್ನ ಗಾಡೀ ಹಿಡಿತ ಎಷ್ಟ ಉದ್ದ ಐತಿ, ಅಳತಿ ಮಾಡು." ಅಳೆದೆ. ಕೂಸಿನ ಭಾರ ಚೌಕಟ್ಟಿನ ಕಂಬದಿಂದ 250 ಮಿಲಿಮೀಟರ್ ಮುಂದೆ. ಗಾಡಿಯನ್ನು ಕಂಬಕ್ಕೆ ಹಿಡಿದಿದ್ದ ಮೇಲಿನ ಮತ್ತು ಕೆಳಗಿನ ನೈಲಾನ್ ತುಂಡುಗಳ ನಡುವೆ ಬರೀ 60. ಮುಂದಿನ ಭಾರಕ್ಕೆ ಗಾಡಿ ಓರೆಯಾಗಿ, ಮೇಲಿನ ತುಂಡು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಕಂಬವನ್ನು ಒತ್ತುತ್ತಿದ್ದವು. ಎಳೆದಷ್ಟೂ ಬಿಗಿ. ನೈಲಾನ್ ತೆಗೆದು 608 ನಂಬರಿನ ಬೇರಿಂಗುಗಳನ್ನು ಹಾಕಿದೆವು, ನಡುವಿನ ಅಂತರವನ್ನು 160ಕ್ಕೆ ಏರಿಸಿದೆವು. 22 ಮಿಲಿಮೀಟರ್ ವ್ಯಾಸದ ಆ ಪುಟ್ಟ ಬೇರಿಂಗುಗಳು ಅಲ್ಯೂಮಿನಿಯಂ ಮೇಲೆ ಉರುಳುವ ಸದ್ದು ತೆಳ್ಳಗಿನ ಸೀಟಿಯ ಹಾಗೆ. ಗಾಡಿ ನೆತ್ತಿಯವರೆಗೆ ಹೋಯಿತು. ವರ್ಕ್‌ಶಾಪಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಲಿಫ್ಟ್ ಮುಗಿಯಿತು ಎಂದು ಎಲ್ಲರೂ ಅಂದುಕೊಂಡೆವು.

ಕಾಕಾ ಒಬ್ಬರು ಅಂದುಕೊಳ್ಳಲಿಲ್ಲ. "ಏರಸೂದು ಆತು. ಇನ್ನ ಇಳಸೂದು?"

ಇಂಥ ಸ್ಪರ್ಧೆಗಳ ವಿಡಿಯೋಗಳಲ್ಲಿ ಎಲ್ಲರೂ ನೋಡುವುದು ಏರುವ ಕ್ಷಣವನ್ನು. ಯಂತ್ರದ ಹೆಸರಿನಲ್ಲೇ ಅದಿದೆ, ಇಳಿಸುವ ಮಾತು ಹೆಸರಿನಲ್ಲಿಲ್ಲ. ನನ್ನ ವಹಿಯಲ್ಲೂ ಇರಲಿಲ್ಲ. ಮೋಟರನ್ನು ಹಿಂದಕ್ಕೆ ತಿರುಗಿಸಿದರೆ ಆಯಿತು, ಭಾರ ತಾನೇ ಇಳಿಯುತ್ತದೆ ಎಂದುಕೊಂಡಿದ್ದೆ. ಹಗ್ಗದಿಂದ ಕೂಸನ್ನು ಜಗ್ಗಬಹುದು, ನೂಕಲಾಗುವುದಿಲ್ಲ. ಜೋಕಾಲಿಯ ಹಲಗೆಗೆ ಕೂಸು ತಾಗಿದ ಕೂಡಲೇ ಗಾಡಿ ನಿಲ್ಲುತ್ತದೆ, ಮೋಟರಿಗೆ ಅದು ಗೊತ್ತಾಗುವುದಿಲ್ಲ. ಅದು ತಂತಿ ಬಿಡುತ್ತಲೇ ಹೋಗುತ್ತದೆ. ನಡುವಿನ ಚೌಕಟ್ಟು ಇಳಿಯುತ್ತದೆ, ಎರಡನೆಯ ತಂತಿ ಜೋತುಬಿದ್ದು ರಾಟೆಯ ತೋಡಿನಿಂದ ಹಾರಿ ಪಕ್ಕದ ಸಂದಿಯಲ್ಲಿ ಸಿಕ್ಕುತ್ತದೆ. ಮತ್ತೆ ಎತ್ತಲು ಹೋದರೆ ತಂತಿ ಎಳೆ ಎಳೆಯಾಗಿ ಹರಿಯುತ್ತದೆ. ಸ್ಕೂಟರಿನ ಕ್ಲಚ್ ವೈರು, ಉಕ್ಕಿನದು. ಬಿಗಿಯಿದ್ದಾಗ ನಂಬಿಕಸ್ಥ, ಸಡಿಲಾದರೆ ಹಾವಿನ ಹಾಗೆ ಸುರುಳಿ. ನಾಲ್ಕು ದಿನದಲ್ಲಿ ಆರು ವೈರು ಹೋದವು.

ಇನ್ನೂ ದೊಡ್ಡ ತೊಡಕು, ಕೈ ಬಿಡುವುದು ಯಾವಾಗ ಎಂಬುದು. ಮುಂಚೆ ಬಿಟ್ಟರೆ ಕೂಸು ಬೀಳುತ್ತದೆ. ತಡವಾಗಿ ಬಿಟ್ಟರೆ ಗಾಡಿಯ ಭಾರವೆಲ್ಲ ಕೂಸಿನ ಹೆಗಲ ಮೇಲೆ ಬಿದ್ದು ಜೋಕಾಲಿ ಓರೆಯಾಗುತ್ತದೆ. ರಿಮೋಟ್ ಹಿಡಿದವನು ದೂರದಿಂದ ಕಣ್ಣಳತೆಯಲ್ಲಿ ಗುಂಡಿ ಒತ್ತುತ್ತಿದ್ದ. ಆದರೆ ಕೂಸಿನ ತಳಕ್ಕೂ ಹಲಗೆಗೂ ನಡುವಿನ ಅರ್ಧ ಇಂಚು ಅಲ್ಲಿಂದ ಕಾಣುವುದೇ ಇಲ್ಲ.

ರಿಮೋಟ್ ಹಿಡಿಯುತ್ತಿದ್ದ ಗೆಳೆಯನನ್ನು ನಾವು ವಡಗಾವಿ ಎಂದೇ ಕರೆಯುತ್ತಿದ್ದೆವು, ಅವನ ಮನೆ ಅಲ್ಲಿತ್ತು. ವಡಗಾವಿ ನೇಕಾರರ ಬಡಾವಣೆ. ಬೀದಿಗೆ ಕಾಲಿಟ್ಟರೆ ಪವರ್‌ಲೂಮಿನ ಖಟಖಟ ಪಾದಕ್ಕೇ ತಾಗುತ್ತದೆ. ಒಂದು ಭಾನುವಾರ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ತಾಯಿ ಎರಡು ಮಗ್ಗಗಳ ನಡುವೆ ನಿಂತಿದ್ದರು, ನನಗೆ "ಬಾರವ್ವಾ, ಕೂಡು" ಎಂದು ಹೇಳುತ್ತಿದ್ದಾಗಲೇ ಒಂದು ಮಗ್ಗ ಖಟ್ಟೆಂದು ತಾನೇ ನಿಂತಿತು. ಅವರು ತಿರುಗಿಯೂ ನೋಡದೆ ಲಾಳಿ ತೆಗೆದು, ಖಾಲಿಯಾಗಿದ್ದ ಕಂಡಿಕೆ ಬದಲಿಸಿ, ಹಿಡಿಕೆ ಎಳೆದರು. ಮಗ್ಗ ಮತ್ತೆ ಓಡಿತು.

ನೂಲು ಮುಗಿದದ್ದು ಮಗ್ಗಕ್ಕೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ವಡಗಾವಿ ಮಗ್ಗ ನಿಲ್ಲಿಸಿ ಅಂಚಿನಲ್ಲಿದ್ದ, ಕಿರುಬೆರಳಷ್ಟಿರುವ ಒಂದು ಫೋರ್ಕನ್ನು ತೋರಿಸಿದ. ಹೊಕ್ಕಿನ ನೂಲು ಅದರ ಹಲ್ಲುಗಳಿಗೆ ತಾಗಿದರೆ ಹಲ್ಲು ಹಿಂದಕ್ಕೆ ಸರಿದು ಬಾಲ ಮೇಲೇಳುತ್ತದೆ, ಮಗ್ಗ ಓಡುತ್ತಿರುತ್ತದೆ. ನೂಲು ಇಲ್ಲದಿದ್ದರೆ ಹಲ್ಲಿಗೆ ಏನೂ ತಾಗುವುದಿಲ್ಲ, ಬಾಲ ಕೆಳಗೇ ಇದ್ದು ಒಂದು ಕೊಕ್ಕೆಗೆ ಸಿಗುತ್ತದೆ, ಕೊಕ್ಕೆ ಹಿಡಿಕೆಯನ್ನು ಹಾರಿಸುತ್ತದೆ. ಕರೆಂಟಿಲ್ಲ, ಸೆನ್ಸರಿಲ್ಲ. ಒಂದು ನೂಲಿನ ಎಳೆ ಅಲ್ಲಿದೆಯೇ ಎಂದು ಕಬ್ಬಿಣದ ತುಂಡೊಂದು ದಿನವಿಡೀ ಮುಟ್ಟಿ ನೋಡುತ್ತಿರುತ್ತದೆ. ನಾನು ಅದನ್ನು ಬೆರಳಿನಿಂದ ಎತ್ತಿ ಬಿಟ್ಟು, ಎತ್ತಿ ಬಿಟ್ಟು ನೋಡುತ್ತ ಕೂತೆ. ಸಾರು ಆರಿತು.

ಸೋಮವಾರ ಒಂದು ತೆಳು ತಗಡಿನ ತೋಳು ಕತ್ತರಿಸಿ, ತುದಿಗೆ ಚಿಕ್ಕ ರೋಲರ್ ಕೂರಿಸಿ, ಸ್ಪ್ರಿಂಗ್ ಹಚ್ಚಿ, ಅದು ತಂತಿಯ ಮೇಲೆ ಒರಗುವಂತೆ ಕಟ್ಟಿದೆ. ತಂತಿ ಬಿಗಿಯಿದ್ದಷ್ಟು ಹೊತ್ತು ತೋಳು ಹಿಂದಕ್ಕೆ ಒತ್ತಿಕೊಂಡಿರುತ್ತದೆ. ಸಡಿಲಾದರೆ ಸ್ಪ್ರಿಂಗ್ ಅದನ್ನು ಮುಂದೆ ನೂಕುತ್ತದೆ, ಹಿಂದಿನ ಲಿಮಿಟ್ ಸ್ವಿಚ್ ಟಿಕ್ ಎನ್ನುತ್ತದೆ. ಆ ಟಿಕ್‌ಗೆ ಮೋಟರ್ ನಿಲ್ಲಬೇಕು, ಕೈ ತೆರೆಯಬೇಕು. ತೋಳಿನ ಒತ್ತಡವೇ ಜೋತುಬಿದ್ದ ತಂತಿಯನ್ನು ರಾಟೆಯಲ್ಲಿ ಹಿಡಿದೂ ಇಡುತ್ತದೆ.

ಟಿಕ್ ಬರಲೇ ಇಲ್ಲ. ವೈರಿಂಗ್ ಹತ್ತಿರವಾಗಲಿ ಎಂದು ನಾನು ತೋಳನ್ನು ಮೋಟರಿನ ಪಕ್ಕ, ಮೊದಲನೆಯ ತಂತಿಯ ಮೇಲೆ ಕೂರಿಸಿದ್ದೆ. ಕೂಸು ಕೂತರೂ ನಡುವಿನ ಚೌಕಟ್ಟಿನ 2 ಕಿಲೋ ಆ ತಂತಿಯಲ್ಲಿ ತೂಗುತ್ತಲೇ ಇತ್ತು. ಅದು ಸಡಿಲಾಗುವ ಪ್ರಶ್ನೆಯೇ ಇರಲಿಲ್ಲ. ವಡಗಾವಿ ಸ್ವಲ್ಪ ಹೊತ್ತು ನೋಡಿ, "ಮಗ್ಗದಾಗ ಫೋರ್ಕ್ ಲಾಳ್ಯಾಗ ಇರೂದಿಲ್ಲ, ನೂಲು ಅರವಿಗೆ ಕೂಡೂ ಕಡೆ ಇರತೈತಿ. ನೀ ಕೂಸಿನ ಹತ್ರ ಒಯ್ಯಿ" ಎಂದ. ಎರಡನೆಯ ತಂತಿಗೆ, ಗಾಡಿಯ ಮೇಲ್ಭಾಗಕ್ಕೆ ಒಯ್ದೆವು. ಕೂಸನ್ನು ಹಲಗೆಗೆ ಇಳಿಸಿದೆವು. ಟಿಕ್. ಕೈ ತೆರೆಯಿತು. ಹಲಗೆ ಅಲುಗಲಿಲ್ಲ.

ಆ ವಾರವೆಲ್ಲ ಕೂಸನ್ನು ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಇಳಿಸಿದೆವು. ಸ್ಟೂಲಿನ ಮೇಲೆ, ಪುಸ್ತಕದ ಮೇಲೆ, ಸ್ಪಂಜಿನ ಮೇಲೆ. ಕಾಕಾ ತಮ್ಮ ಅಂಗೈ ಒಡ್ಡಿದರು. ಅವ್ವ ಅಂಗೈ ಮೇಲೂ ಇಳಿಸಿದಳು.

ಫೆಬ್ರುವರಿಯ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಹಾಸ್ಟೆಲ್ಲಿಗೆ ವಡಗಾವಿಯ ಫೋನ್ ಬಂತು. ಕೂಸು ಬಿದ್ದಿತ್ತು. ಅವ್ವ ಅದನ್ನು 70 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು ಓಡುತ್ತಿದ್ದಾಗ ಪ್ಲೈವುಡ್ ಹಾಳೆಗಳ ಕೂಡುಗೆರೆಯ ಮೇಲೆ ಚಕ್ರ ಹಾಯ್ದು ಇಡೀ ಮೈ ಕುಲುಕಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು ತಂತಿ ಸಡಿಲಾಗಿತ್ತು. ಟಿಕ್ ಎಂದಿತು, ಕೈ ತೆರೆಯಿತು. ಕಾಲಿನ ಎರಡು ಸರ್ವೋ ಮೋಟರುಗಳ ಹಲ್ಲು ಮುರಿದು ಮಂಡಿಯ ಪಟ್ಟಿ ಬಾಗಿತ್ತು. ಪುಣೆಗೆ ಹೊರಡಲು ಹದಿನೈದು ದಿನ ಉಳಿದಿತ್ತು. ಆ ಪ್ರೋಗ್ರಾಮ್ ಬರೆದವಳು ನಾನು. ವರ್ಕ್‌ಶಾಪ್ ಹಾಸ್ಟೆಲ್ಲಿನಿಂದ ನಾನ್ನೂರು ಹೆಜ್ಜೆ, ಬಾಗಿಲಿಗೆ ಬೀಗ. ಬೆಳಗಿನ ಆರರವರೆಗೆ ಕಿಟಕಿಯ ಬಳಿ ಕೂತು ಕಾಗದದ ಮೇಲೆ ಪ್ರೋಗ್ರಾಮ್ ತಿದ್ದಿದೆ. ಬಾಗಿಲು ತೆರೆದೊಡನೆ ಓಡಿದೆ. ಹುಡುಗರು ಯಾರೂ ಮಲಗಿರಲಿಲ್ಲ. ಕೂಸನ್ನು ಬಿಚ್ಚಿ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಜೋಡಿಸಿದ್ದರು. ಒಬ್ಬರೂ ನನ್ನ ಮೇಲೆ ಮಾತು ಹೊರಿಸಲಿಲ್ಲ.

ತಿದ್ದಿದ್ದು ಎರಡೇ ಸಾಲು. ಅವ್ವ ಇಳಿಸುತ್ತಿರುವಾಗ ಮಾತ್ರ ಟಿಕ್ ಅನ್ನು ಕೇಳಿಸಿಕೊಳ್ಳಬೇಕು. ಎತ್ತಿಕೊಂಡು ಓಡುವಾಗ ಕಿವಿ ಮುಚ್ಚಿರಬೇಕು. ಇಳಿಸುವಾಗಲೂ ಒಂದು ಟಿಕ್ ಸಾಲದು. ಸೆಕೆಂಡಿನ ನೂರನೇ ಒಂದು ಭಾಗಕ್ಕೊಮ್ಮೆಯಂತೆ ಸಾಲಾಗಿ ಹತ್ತು ಸಲ ತಂತಿ ಸಡಿಲವೇ ಎಂದು ಕಂಡರೆ ಮಾತ್ರ ಕೈ ತೆರೆಯಬೇಕು. ಕೂಸು ಕೂತ ಮೇಲೂ ಅವ್ವ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದೇ ಇರುತ್ತಾಳೆ. ಕಣ್ಣಿಗೆ ಅದು ಒಂದು ಸಣ್ಣ ತಡವರಿಕೆಯಂತೆ ಕಾಣುತ್ತಿತ್ತು. ಕಾಕಾ ಅದನ್ನು ನೋಡಿ ಏನೂ ಹೇಳಲಿಲ್ಲ, ಇನ್ನೊಮ್ಮೆ ಮಾಡಿಸಿದರು.

ಮಾರ್ಚಿನಲ್ಲಿ ಕೊಲ್ಹಾಪುರ, ಸಾತಾರಾ ದಾಟಿ ಪುಣೆಯ ಬಾಲೇವಾಡಿಯ ಕ್ರೀಡಾಂಗಣ ತಲುಪಿದೆವು. ದೇಶದ ಎಲ್ಲೆಲ್ಲಿಂದಲೋ ಬಂದ ತಂಡಗಳು, ನೆಲದ ಮೇಲೆ ಹರಡಿದ ಸ್ಪ್ಯಾನರುಗಳು, ಗಾಳಿ ತುಂಬಿಟ್ಟ ಎರಡು ಲೀಟರಿನ ತಂಪು ಪಾನೀಯದ ಬಾಟಲಿಗಳು, ರಾತ್ರಿಯಿಡೀ ನಿಲ್ಲದ ಡ್ರಿಲ್ಲಿಂಗ್ ಸದ್ದು. ಅಂಕಣಕ್ಕಿಳಿದ ಮೂವರಲ್ಲಿ ನಾನೂ ಇದ್ದೆ. ಸೀಸಾ ಆಯಿತು. ಜೋಕಾಲಿಯ ಎದುರು ಅವ್ವ ನಿಂತಳು, ಕೈ ಇಳಿಯತೊಡಗಿತು. ಅಷ್ಟು ಗದ್ದಲದಲ್ಲಿ ಟಿಕ್ ಕೇಳಿಸುವಂತಿರಲಿಲ್ಲ. ನಾನು ತಂತಿಯನ್ನೇ ನೋಡುತ್ತಿದ್ದೆ. ಅದು ಸಣ್ಣಗೆ ಬಾಗಿತು, ಆ ತಡವರಿಕೆ ಬಂತು, ಕೈ ತೆರೆದು ಹಿಂದೆ ಸರಿಯಿತು. ಕೂಸು ಕೂತಿತ್ತು. ವಡಗಾವಿ ಅವ್ವನನ್ನು ಮುಂದೆ ನಡೆಸಿ ಜೋಕಾಲಿ ತೂಗಿದ.

ಕಂಬದ ನಡಿಗೆಯಲ್ಲಿ ಕೂಸು ಎಡವಿ ಬಿತ್ತು, ಸಮಯ ಮುಗಿಯಿತು. ಎರಡನೆಯ ಪಂದ್ಯದಲ್ಲಿ ಮೋಟರ್ ನಡೆಸುವ ಬೋರ್ಡು ಸುಟ್ಟಿತು. ಮುಂದಿನ ಸುತ್ತಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಕೆಲವರು ಅತ್ತರು, ನಾನೂ ಅತ್ತೆ.

ಅದೇ ವರ್ಷ ಆಗಸ್ಟ್ 24ರಂದು ಬಾಲೇವಾಡಿಯಲ್ಲೇ ಅಂತಾರಾಷ್ಟ್ರೀಯ ಸ್ಪರ್ಧೆ ನಡೆಯಿತು. ವಡಗಾವಿ ಮತ್ತು ನಾನು ನಮ್ಮ ಖರ್ಚಿನಲ್ಲಿ ಹೋಗಿ ಗ್ಯಾಲರಿಯಲ್ಲಿ ಕೂತೆವು. ವಿಯೆಟ್ನಾಮಿನ ಲಾಕ್ ಹಾಂಗ್ ವಿಶ್ವವಿದ್ಯಾಲಯ ಗೆದ್ದಿತು. ಬಾವುಟ ಏರಿದಾಗಲೆಲ್ಲ ಜನ ಎದ್ದು ನಿಂತು ಕೂಗುತ್ತಿದ್ದರು. ನಾವಿಬ್ಬರೂ ಪ್ರತಿ ಪಂದ್ಯದಲ್ಲೂ ಅದಕ್ಕೆ ಮುಂಚಿನ ಒಂದು ಕ್ಷಣಕ್ಕಾಗಿ ಕಾಯುತ್ತಿದ್ದೆವು: ಕೂಸು ಹಲಗೆಗೆ ತಾಗಿ, ಹಿಡಿದ ಕೈ ಇನ್ನೂ ಬಿಡದಿರುವ ಕ್ಷಣ. ಬಿಟ್ಟ ಕೂಡಲೇ ಇಬ್ಬರಿಗೂ ಉಸಿರು ಬರುತ್ತಿತ್ತು.

ರೋಬೋಟನ್ನು ಹಾಗೇ ಉಳಿಸಿಕೊಳ್ಳುವ ಹಣ ನಮ್ಮಂಥ ತಂಡಗಳಿಗೆ ಇರುವುದಿಲ್ಲ. ಮುಂದಿನ ವರ್ಷದ ಆಟ ಬ್ಯಾಡ್ಮಿಂಟನ್. ಅದಕ್ಕೆ ಲಿಫ್ಟ್ ಬೇಕಿರಲಿಲ್ಲ. ಜೂನಿಯರುಗಳಿಗಾಗಿ ಅವ್ವನನ್ನು ನಾವೇ ಬಿಚ್ಚಿದೆವು. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಡಬ್ಬಿಗೆ ತುಂಬಿದೆ. ವೈಪರ್ ಮೋಟರನ್ನು ಕಾಕಾ ವಾಪಸು ತೆಗೆದುಕೊಂಡರು. ತಗಡಿನ ತೋಳನ್ನು ಯಾರೂ ಕೇಳಲಿಲ್ಲ. ವಡಗಾವಿ ಅದನ್ನು ಮನೆಗೆ ಒಯ್ದ.

ಕೆಲಸಕ್ಕೆ ಸೇರುವ ಮುಂಚೆ ಅವನ ಮನೆಗೆ ಹೇಳಿಹೋಗಲೆಂದು ಹೋದೆ. ಮಗ್ಗದ ಪಕ್ಕದ ಮೊಳೆಯಲ್ಲಿ, ಹೊಲಿಗೆಯ ಕತ್ತರಿಯ ಜೊತೆ ತೋಳು ತೂಗುತ್ತಿತ್ತು. ಅವನ ತಾಯಿ ಅದನ್ನು ತೆಗೆದು, ಸೆರಗಿನಿಂದ ಧೂಳು ಒರೆಸಿ, ರೋಲರನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡಿದರು. "ಫೋರ್ಕ್ ಅಂತೂ ಹೌದು," ಎಂದರು. "ಇದು ಯಾವ ಮಗ್ಗದ್ದವ್ವಾ? ನಮ್ಮ ಕಡೆ ಹಿಂಥಾದ್ದು ಕಂಡಿಲ್ಲ."